ಗೈಡ್ ಯಾವಾಗ ರಿಟೈರ್ ಆಗ್ತಾರೆ ಅಂತ ಮೊದಲೇ ಕೇಳಿ

ಕಳೆದ ವಾರ ಡಿಗ್ರಿ ಸಿಕ್ಕಿತು ಅನ್ನುವ ನೋಟಿಫಿಕೇಷನ್ ಕೈಗೆ ಬಂತು. ಮೈಕ್ರೋಬಯಾಲಜಿಯಲ್ಲಿ ಪಿಎಚ್‌ಡಿ. 2018ರ ಡಿಸೆಂಬರ್‌ನಲ್ಲಿ ರಿಜಿಸ್ಟ್ರೇಷನ್ ಪತ್ರ ಸಿಕ್ಕಿತ್ತು, 2025ರ ಆಗಸ್ಟ್‌ನಲ್ಲಿ ಇದು. ಆರು ವರ್ಷ ಎಂಟು ತಿಂಗಳು. ಇದರಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತದ್ದೆಷ್ಟು, ಆಫೀಸಿನ ಬೆಂಚಿನ ಮೇಲೆ ಕೂತದ್ದೆಷ್ಟು ಅಂತ ಮಾತ್ರ ಕೇಳಬೇಡಿ.

ಇಷ್ಟು ವರ್ಷ ಯಾಕೆ ಹಿಡಿಯಿತು, ನಾವು ಏನು ನೋಡಿಕೊಳ್ಳಬೇಕು ಅಂತ ಜೂನಿಯರ್‌ಗಳು ದಿನಾ ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದ್ಸಲ ಬರೆದುಬಿಡೋಣ ಅಂತ ಕೂತೆ. ವಿಶ್ವವಿದ್ಯಾಲಯದ ಹೆಸರು ಬರೆಯಲ್ಲ. ಅಲ್ಲಿ ಒಳ್ಳೆಯವರೂ ಇದ್ದರು, ಮತ್ತೆ ಫೈಲು ಅನ್ನೋದು ಎಲ್ಲಾ ಕಡೆ ಒಂದೇ ನಡಿಗೆಯಲ್ಲಿ ನಡೆಯುತ್ತದೆ. ಗೈಡ್, ಅಂದರೆ ಸಂಶೋಧನೆಗೆ ದಾರಿ ತೋರಿಸಿದವರ ಹೆಸರೂ ಬರೆಯಲ್ಲ, ಅವರಿಗೆ ಅದೆಲ್ಲ ಆಗಲ್ಲ. ಮೇಡಂ ಅಂತಲೇ ಕರೆಯುತ್ತೇನೆ. ಮೂವತ್ತು ವರ್ಷಕ್ಕಿಂತ ಜಾಸ್ತಿ ಪಾಠ ಮಾಡಿದವರು. ನಾನು ಅವರ ಕೊನೆಯ ವಿದ್ಯಾರ್ಥಿ. ತೊಡಕು ಶುರುವಾಗಿದ್ದೇ ಅಲ್ಲಿಂದ.

ಎಂಎಸ್ಸಿಯಲ್ಲಿ ಮೇಡಂ ನಮಗೆ ಪ್ರಾಕ್ಟಿಕಲ್ ತಗೊಳ್ಳುತ್ತಿದ್ದರು. ಲ್ಯಾಬಿನಲ್ಲಿ ಲ್ಯಾಮಿನಾರ್ (ಕ್ರಿಮಿ ಸೋಸಿದ ಗಾಳಿ ಹಾಯಿಸುವ ಕರೆಂಟಿನ ಪೆಟ್ಟಿಗೆ) ಇತ್ತು, ಚೆನ್ನಾಗೇ ಕೆಲಸ ಮಾಡುತ್ತಿತ್ತು. ಆದರೂ ಮೊದಲ ಸೆಮಿಸ್ಟರ್ ಪೂರ್ತಿ ಅದನ್ನು ಮುಟ್ಟಲು ಬಿಡಲಿಲ್ಲ. ಟೇಬಲ್ ಮೇಲೆ ಎರಡು ಸ್ಪಿರಿಟ್ ದೀಪ, ನಡುವೆ ಒಂದು ಗೇಣು ಜಾಗ, ಅಲ್ಲೇ ಪ್ಲೇಟು ಸುರಿಯಬೇಕು, ಅಂದರೆ ಸೂಕ್ಷ್ಮಜೀವಿ ಬೆಳೆಸುವ ಪಾಕವನ್ನು ಗಾಜಿನ ತಟ್ಟೆಗೆ ಹಾಕಬೇಕು. ಫ್ಯಾನ್ ಬಂದ್, ಮಾತು ಬಂದ್. "ನೀವೆಲ್ಲ ನಾಳೆ ಯಾವುದೋ ತಾಲ್ಲೂಕು ಕಾಲೇಜಿಗೆ ಹೋಗಿ ಪಾಠ ಮಾಡೋರು. ಅಲ್ಲಿ ಲ್ಯಾಮಿನಾರ್ ಇರಲ್ಲ, ಇದ್ದರೆ ಕರೆಂಟ್ ಇರಲ್ಲ" ಅನ್ನುತ್ತಿದ್ದರು. ನಮಗೆಲ್ಲ ಸಿಟ್ಟು. ಬೇರೆ ಬ್ಯಾಚಿನವರು ಆರಾಮಾಗಿ ಲ್ಯಾಮಿನಾರ್ ಮುಂದೆ ಕೂತು ಕೆಲಸ ಮಾಡುತ್ತಿದ್ದರೆ ನಾವು ಬೆವರು ಸುರಿಸಿಕೊಂಡು ದೀಪದ ಬುಡದಲ್ಲಿ ಕೂತಿರುತ್ತಿದ್ದೆವು.

ಪಿಎಚ್‌ಡಿಗೆ ವಿಷಯ ಆರಿಸುವಾಗ ನಾನು ಏನೋ ದೊಡ್ಡದು ಯೋಚಿಸಿಕೊಂಡು ಹೋಗಿದ್ದೆ. ಆಂಟಿಬಯೋಟಿಕ್, ನ್ಯಾನೋ, ಇಂಥವು. ಮೇಡಂ ಎಲ್ಲ ಕೇಳಿ, "ನಿಮ್ಮ ಮನೆ ಎಲ್ಲಿ?" ಅಂದರು. ಹೊಸನಗರ ತಾಲ್ಲೂಕು ಅಂದೆ. "ತೋಟ ಇದೆಯಾ?" ಇದೆ. "ಕೊಳೆ ಬರುತ್ತಾ?" ಬರದೆ ಇರುತ್ತಾ ಮೇಡಂ, ಅಂದೆ. "ಮತ್ತೆ ಅದನ್ನೇ ಮಾಡು. ಸ್ಯಾಂಪಲ್‌ಗೆ ಬಸ್‌ಚಾರ್ಜ್ ಉಳಿಯುತ್ತೆ."

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅಡಿಕೆಯ ಕೊಳೆರೋಗ ಫೈಟೊಫ್ತೊರಾ ಅನ್ನುವ ಜೀವಿಯಿಂದ ಬರುತ್ತದೆ. ಆ ಹೆಸರಿನ ಅರ್ಥವೇ ಗಿಡ ಹಾಳುಮಾಡುವುದು ಅಂತ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ನಾಶ ಮಾಡಿ ಬರ ತಂದದ್ದೂ ಇದರ ದಾಯಾದಿಯೇ. ನಮ್ಮ ಕಡೆ ಇದನ್ನು ಸರಿಯಾಗಿ ಅಧ್ಯಯನ ಮಾಡಿದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. 1910ರಲ್ಲಿ ಅವರು ಬರೆದ ವರದಿಯ ಹೆಸರಿನಲ್ಲೇ ಕೊಳೆರೋಗ ಅನ್ನುವ ಕನ್ನಡ ಮಾತಿದೆ. ಇಂಗ್ಲಿಷ್ ಪುಸ್ತಕಗಳೂ 'ಕೊಳೆರೋಗ' ಅಂತಲೇ ಬರೆಯುತ್ತವೆ. ನನ್ನ ಥೀಸಿಸ್‌ನಲ್ಲಿ ಆ ಶಬ್ದ ಬಂದಾಗಲೆಲ್ಲ ಒಂಥರಾ ಖುಷಿ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿನಲ್ಲಿ ರೂಢಿಗೆ ತಂದವರೂ ಅವರೇ. ಅದಕ್ಕೆ ಮುಂಚೆ ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು.

ರಿಜಿಸ್ಟ್ರೇಷನ್ ಆಯಿತು. ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಮೇಡಂ ರಿಟೈರ್ ಆಗುವುದು ಯಾವಾಗ ಅಂತ ಕೇಳಲೇ ಇಲ್ಲ. ಕೇಳೋದಕ್ಕೆ ಸಂಕೋಚ ಅಲ್ವಾ? ಅವರೇ ಹೇಳಿದರು, 2023ರ ಮೇ ಕೊನೆ, ಅಷ್ಟರೊಳಗೆ ನೀನು ಮುಗಿಸುತ್ತೀಯ ಅಂತ. ನಾಲ್ಕೂವರೆ ವರ್ಷ, ಬೇಕಾದಷ್ಟಾಯಿತು ಅಂದುಕೊಂಡೆ. ಈಗ ಸೇರುವವರಿಗೆ ಯುಜಿಸಿಯ 2022ರ ನಿಯಮ ಸ್ವಲ್ಪ ಕಾಪಾಡುತ್ತದೆ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಿವೃತ್ತಿ ಆದಮೇಲೆ 70 ವರ್ಷ ತುಂಬುವ ತನಕ ಕೋ-ಗೈಡ್ ಆಗಿ ಇರಬಹುದು. ಆದರೆ 3 ವರ್ಷದಲ್ಲಿ ಯಾರ ಪಿಎಚ್‌ಡಿ ಮುಗಿಯುತ್ತೆ ಹೇಳಿ. ಸಂಕೋಚ ಬಿಟ್ಟು ತಾರೀಖು ಕೇಳಿ. ಐದು ವರ್ಷಕ್ಕಿಂತ ಕಡಿಮೆ ಇದ್ದರೆ ಮೊದಲ ದಿನವೇ ಇನ್ನೊಬ್ಬರನ್ನು ಕೋ-ಗೈಡ್ ಮಾಡಿಸಿಕೊಳ್ಳಿ. ಆಮೇಲೆ ಬದಲಾಯಿಸುವುದು ಎಷ್ಟು ಕಷ್ಟ ಅಂತ ಮುಂದೆ ಬರುತ್ತದೆ.

2019 ಕೋರ್ಸ್‌ವರ್ಕಿನಲ್ಲಿ ಹೋಯಿತು. ಅದರ ಬಗ್ಗೆ ಹೇಳುವಂಥದ್ದು ಒಂದೇ. ಕ್ಲಾಸು ಇದ್ದದ್ದು ಜೂನ್‌ನಿಂದ. ಕೊಳೆ ಬರುವುದೂ ಜೂನ್‌ನಿಂದ ಸೆಪ್ಟೆಂಬರ್. ಹಾಜರಾತಿ ಬೇಕು ಅಂತ ಶಿವಮೊಗ್ಗ ಬಿಟ್ಟು ಅಲ್ಲಾಡಲಿಲ್ಲ. ಮಳೆ ನಿಂತಮೇಲೆ ಊರಿಗೆ ಹೋದರೆ ಮರದ ಬುಡದಲ್ಲಿ ಬಿದ್ದ ಕಾಯೆಲ್ಲ ಒಣಗಿ ಹೋಗಿತ್ತು. ಮಳೆಗಾಲ ತಪ್ಪಿತು ಅಂದರೆ ಒಂದು ವರ್ಷ ತಪ್ಪಿತು. ಬೆಳೆ, ರೋಗ, ಹೊಳೆ, ಇಂಥವುಗಳ ಮೇಲೆ ಕೆಲಸ ಮಾಡುವವರು ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಯೋಜನೆ ಹಾಕಿ.

2020ರ ಕಥೆ ಎಲ್ಲರಿಗೂ ಗೊತ್ತು. ಮಾರ್ಚ್‌ನಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿದರು. ಹೊರಡುವಾಗ ಏನೋ ಬುದ್ಧಿ ಬಂದು ಹದಿನಾಲ್ಕು ಗಾಜಿನ ಪೆಟ್ರಿ ಪ್ಲೇಟು, ಒಂದು ಲೂಪು, ಒಂದು ಸ್ಕಾಲ್ಪೆಲ್ ಬ್ಯಾಗಿಗೆ ಹಾಕಿಕೊಂಡಿದ್ದೆ, ಮೇಡಂಗೆ ಹೇಳಿಯೇ. ಜುಲೈನಲ್ಲಿ ನಮ್ಮ ತೋಟದಲ್ಲೇ ಕೊಳೆ ಶುರುವಾಯಿತು. ಲ್ಯಾಬ್ ಇಲ್ಲ. ಫೋನ್ ಮಾಡಿ ಅಳುವುದೊಂದು ಬಾಕಿ. ಮೇಡಂ ಕೇಳಿದರು, "ಮನೇಲಿ ಕುಕ್ಕರ್ ಇಲ್ವಾ?"

ಲ್ಯಾಬಿನಲ್ಲಿ ಕ್ರಿಮಿ ಕೊಲ್ಲಲು ಬಳಸುವ ಆಟೊಕ್ಲೇವ್ ಅಂದರೆ ದೊಡ್ಡ ಕುಕ್ಕರ್ರೇ. 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ. ಮನೆಯ ಕುಕ್ಕರ್ ವೆಯಿಟ್ ಹಾಕಿದರೆ ಹೆಚ್ಚುಕಮ್ಮಿ ಅಷ್ಟೇ ಒತ್ತಡ. ಪ್ಲೇಟಿನ ಪಾಕ ಗಟ್ಟಿಯಾಗಿಸುವ ಅಗರ್ ಹೊಸನಗರದ ಅಂಗಡಿಯಲ್ಲಿ ಸಿಕ್ಕಿತು, ಸಿಹಿ ಮಾಡಲು ಇಡುವ ಚೈನಾಗ್ರಾಸ್. ಅಗರ್ ಲ್ಯಾಬಿಗೆ ಬಂದದ್ದೂ ಅಡುಗೆಮನೆಯಿಂದಲೇ. 1881ರಲ್ಲಿ ಫ್ಯಾನಿ ಹೆಸ್ಸೆ ಅನ್ನುವ ಹೆಂಗಸು ಇದನ್ನು ಸೂಚಿಸುವ ತನಕ ಜಿಲಾಟಿನ್ ಬಳಸಿ ಒದ್ದಾಡುತ್ತಿದ್ದರು, ಬೇಸಿಗೆಯಲ್ಲಿ ಅದು ಕರಗಿ ನೀರಾಗುತ್ತಿತ್ತು. ಕ್ಯಾರೆಟ್ ತುರಿದು, ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಅಗರ್ ಹಾಕಿ, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಕುಕ್ಕರಿಗಿಟ್ಟೆ. ಅಮ್ಮ ಎರಡು ಸಲ ಬಂದು ನೋಡಿದರು. "ಹಲ್ವ ಮಾಡ್ತಿದ್ದೀಯಾ?" "ಹ್ಞೂಂ, ಕೊಳೆಗೆ" ಅಂದೆ.

ಹಾಲು ಹಾಕುವ ಚಿಕ್ಕ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎರಡು ದೀಪದ ನಡುವೆ ಪ್ಲೇಟು ಸುರಿದೆ. ಆವಾಗ ಮೇಡಂ ಮೇಲಿನ ಹಳೆಯ ಸಿಟ್ಟೆಲ್ಲ ಇಳಿಯಿತು. ಫೋನ್ ಸ್ಪೀಕರಿನಲ್ಲಿಟ್ಟು ಅವರು ಹೇಳುತ್ತಾ ಹೋದರು. "ಕೊಳೆತ ಜಾಗ ತೆಗೀಬೇಡ, ಅಲ್ಲಿ ನಿನ್ನ ಜೀವಿ ಸತ್ತು ಬೇರೆಯವರು ಬಂದು ಕೂತಿರ್ತಾರೆ. ಹಸಿರು ಕಾಯಿಗೂ ನೀರುಗಟ್ಟಿದ ಕಲೆಗೂ ನಡುವೆ ಗಡಿ ಇರುತ್ತಲ್ಲ, ಆ ಗಡಿಯಿಂದ ಅಕ್ಕಿಕಾಳಿನಷ್ಟು ತೆಗಿ." ಹದಿನಾಲ್ಕರಲ್ಲಿ ಹನ್ನೊಂದು ಪ್ಲೇಟು ಹಸಿರು ಬೂಸ್ಟು ಹಿಡಿದು ಹೋದವು. ಆಂಟಿಬಯೋಟಿಕ್ ಹಾಕದೆ ಇನ್ನೇನಾಗುತ್ತೆ. ಮೂರರಲ್ಲಿ ಮಾತ್ರ ಹತ್ತಿಯ ಎಳೆಯ ಥರ ಬಿಳಿ ಬೆಳವಣಿಗೆ. ಆ ಮೂರರ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಒಂದು ಮಾತು ನೆನಪಿಡಿ. ಹೀಗೆ ಮನೆಯಲ್ಲಿ ಮಾಡುವುದು ಗಿಡದ ರೋಗಕ್ಕೆ, ಅದೂ ಗೈಡ್ ಹೇಳಿದರೆ ಮಾತ್ರ. ಮನುಷ್ಯರ ಸ್ಯಾಂಪಲ್ ಯಾವತ್ತೂ ಮನೆಗೆ ತರಬೇಡಿ.

ಅಕ್ಟೋಬರ್‌ನಲ್ಲಿ ಲ್ಯಾಬ್ ತೆರೆದಮೇಲೆ ನಡೆದ ಒಂದು ದಿನ ಹೇಳಲೇಬೇಕು. ಮೂರನ್ನೂ ತಂದಿದ್ದೆ. ಪ್ಲೇಟಿನ ತುಂಡನ್ನು ನೀರಿನಲ್ಲಿಟ್ಟು ಎರಡು ದಿನ ಬಿಟ್ಟರೆ ನಿಂಬೆಹಣ್ಣಿನ ಆಕಾರದ ಚೀಲಗಳು ಬರುತ್ತವೆ, ಸ್ಪೊರಾಂಜಿಯಾ ಅಂತ. ಅದನ್ನು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆದು ಸ್ಲೈಡಿಗೆ ಹಾಕಿ ಮೇಡಂ, "ಕಣ್ಣು ತೆಗೀಬೇಡ, ಕಾಫಿ ಬಂದರೂ ತೆಗೀಬೇಡ" ಅಂದರು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಚೀಲದೊಳಗೆ ಏನೋ ಮಿಸುಕಾಡಿತು. ಕುದಿಯುವ ಅನ್ನದ ಥರ. ತುದಿ ಒಡೆದು ಒಂದೊಂದಾಗಿ ಹೊರಗೆ ನುಗ್ಗಿ, ಒಂದು ಕ್ಷಣ ತಬ್ಬಿಬ್ಬಾದಂತೆ ನಿಂತು, ಸುತ್ತಿ ಸುತ್ತಿ ಈಜಿಕೊಂಡು ಹೋದವು. ಝೂಸ್ಪೋರ್, ಅಂದರೆ ಈಜುವ ಬೀಜಕಣ. ಒಂದೊಂದಕ್ಕೂ ಎರಡೆರಡು ಬಾಲ. ಫಂಗಸ್ ಅಂತ ನಾವು ಸುಮ್ನೆ ಕರೆಯುತ್ತೇವೆ, ನಿಜವಾದ ಫಂಗಸ್ ಅಲ್ಲ, ಪಾಚಿಗಳಿಗೆ ಹತ್ತಿರದ್ದು ಅಂತ ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ಅವತ್ತು ಅರ್ಥವಾಯಿತು. ನೀರಿಲ್ಲದೆ ಇದು ಈಜಲ್ಲ, ಈಜದೆ ಕಾಯಿ ಮುಟ್ಟಲ್ಲ. ಅದಕ್ಕೇ ಬಿಡದೆ ಮಳೆ ಹೊಡೆದ ವರ್ಷ ಕೊಳೆ ಜಾಸ್ತಿ. ಕಣ್ಣು ತೆಗೆದಾಗ ಕಾಫಿ ಆರಿ ಕೆನೆ ಕಟ್ಟಿತ್ತು.

2021ರ ಮಳೆಗಾಲ ಬಿಡಲಿಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರ ಮೂರು ತಾಲ್ಲೂಕು ಸುತ್ತಿದೆ. ಅರ್ಧ ಅಪ್ಪನ ಬೈಕಿನಲ್ಲಿ, ಅರ್ಧ ಬಸ್ಸಿನಲ್ಲಿ. ಇಂಬಳ ಎಷ್ಟು ಹತ್ತಿದವು ಅಂತ ಲೆಕ್ಕವಿಲ್ಲ. 31 ತೋಟದಿಂದ 19 ಐಸೊಲೇಟು (ಕಾಯಿಯಿಂದ ಬೇರ್ಪಡಿಸಿ ಬೆಳೆಸಿದ ಜೀವಿ) ಸಿಕ್ಕಿದವು. ಎಲ್ಲವನ್ನೂ ಸ್ಲಾಂಟ್ ಮಾಡಿ, ಅಂದರೆ ಓರೆಯಾಗಿ ಅಗರ್ ಹಾಕಿದ ಟ್ಯೂಬಿನಲ್ಲಿ ಬೆಳೆಸಿ, ಚೆಂದಕ್ಕೆ ಲೇಬಲ್ ಹಚ್ಚಿ, ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಟ್ಟು ದೀಪಾವಳಿಗೆ ಊರಿಗೆ ಹೋದೆ. ಬ್ಯಾಕ್ಟೀರಿಯಾ ಹಾಗೇ ಇಡುತ್ತಿದ್ದೆವಲ್ಲ. ಡಿಸೆಂಬರ್‌ನಲ್ಲಿ ಸಬ್‌ಕಲ್ಚರ್ ಮಾಡಿದರೆ, ಅಂದರೆ ಹೊಸ ಪ್ಲೇಟಿಗೆ ಹಾಕಿ ನೋಡಿದರೆ, 12 ಸತ್ತಿದ್ದವು. ಇಪ್ಪತ್ತು ನಿಮಿಷದ ಚಳಿಗೆ ಎಚ್ಚರಾಗುವ ಅದೇ ಜೀವಿ ಎರಡು ತಿಂಗಳ ಚಳಿ ತಡೆಯಲ್ಲ. ಇದನ್ನು ಹದಿನೈದು ಇಪ್ಪತ್ತು ಡಿಗ್ರಿಯಲ್ಲಿ ಇಡಬೇಕಿತ್ತು.

ಮೇಡಂ ಮುಂದೆ ಹೋಗಿ ನಿಂತೆ. ಬೈಯಲಿಲ್ಲ. ಕಪಾಟು ತೆಗೆದು ಹಳೆಯ ಬಿಸ್ಕತ್ ಡಬ್ಬಿ ಈಚೆ ಇಟ್ಟರು. ಒಳಗೆ ಖಾಲಿ ಇಂಜೆಕ್ಷನ್ ಬಾಟಲಿಗಳು, ಒಂದೊಂದರಲ್ಲೂ ಸ್ಟೆರೈಲ್ ನೀರು, ನೀರಿನಲ್ಲಿ ಅಗರಿನ ಮೂರು ನಾಲ್ಕು ತುಂಡು. ನಾನು ಪ್ರತಿ ಸಲ ಪ್ಲೇಟು ತೋರಿಸಲು ಹೋದಾಗ ನನಗೆ ಹೇಳದೆ ಒಂದೊಂದು ತೆಗೆದಿಟ್ಟಿದ್ದರು. ಸತ್ತ 12ರಲ್ಲಿ 9 ಅದರಿಂದ ಎದ್ದು ಬಂದವು. "ಯಾವ ವಿದ್ಯಾರ್ಥಿಯೂ ಒಂದ್ಸಲ ಕೊಲ್ಲದೆ ಬಿಟ್ಟಿಲ್ಲ" ಅಂದರು. ಅವರ ಕೈಕೆಳಗೆ ಓದಿದ ಎಷ್ಟು ಜನರ ಕಲ್ಚರ್ ಆ ಡಬ್ಬಿಯಲ್ಲಿ ಬದುಕಿದ್ದವೋ. ನಿಮ್ಮ ಜೀವಿಯನ್ನು ಯಾವಾಗಲೂ ಎರಡು ಬಗೆಯಲ್ಲಿ, ಎರಡು ಜಾಗದಲ್ಲಿ ಇಡಿ.

ಖರ್ಚಿನ ಮಾತು. ಫೆಲೋಶಿಪ್ ಬರುತ್ತಿತ್ತು, ಆದರೆ ಒಂದ್ಸಲ ಹನ್ನೊಂದು ತಿಂಗಳು ತಡ. ಅಷ್ಟು ದಿನ ಅಪ್ಪನ ಅಡಿಕೆ ದುಡ್ಡು. ಡಿಎನ್‌ಎ ಸೀಕ್ವೆನ್ಸಿಂಗ್ ಹೊರಗೆ ಕಳಿಸಿದ್ದು, ಒಂದಕ್ಕೆ ಸುಮಾರು 900 ರೂಪಾಯಿ ಬಿತ್ತು. ಮಳೆಗಾಲದಲ್ಲಿ ಕಳಿಸಬೇಡಿ, ನನ್ನ ಮೊದಲ ಪಾರ್ಸೆಲ್ ದಾರಿಯಲ್ಲಿ ಐದು ದಿನ ಕೂತು ಹಾಳಾಯಿತು. ನಮ್ಮ ಬ್ಯಾಚಿಗೆ ಒಂದು ಪೇಪರ್ ಪ್ರಕಟವಾಗಲೇಬೇಕಿತ್ತು. ದಿನಾ ಬೆಳಿಗ್ಗೆ ಯಾವುದೋ ಜರ್ನಲ್ಲಿನಿಂದ ಇಮೇಲ್: ದುಡ್ಡು ಕಟ್ಟಿ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ. ನನಗೆ ಆಸೆ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಮೇಡಂ ಅದನ್ನು ಓದಿ, "ಮೂರು ದಿನದಲ್ಲಿ ಇಡ್ಲಿ ಹಿಟ್ಟು ಹುಳಿ ಬರುತ್ತೆ ಅಷ್ಟೇ" ಅಂದು ಡಿಲೀಟ್ ಮಾಡಿಸಿದರು. ಸರಿಯಾದ ಜರ್ನಲ್ಲಿಗೆ ಕಳಿಸಿದ್ದು ಎರಡು ಸಲ ವಾಪಸ್ ಬಂದು ಹದಿನಾಲ್ಕು ತಿಂಗಳ ಮೇಲೆ ಬಂತು.

ಜಗಳ ಅಂತ ಆದದ್ದು ಒಂದೇ ಸಲ. ಕೊಳೆಗೆ ಎದುರಾಗಿ ಟ್ರೈಕೋಡರ್ಮ ಅನ್ನುವ ಫಂಗಸ್ ಬೆಳೆಸಿದ್ದೆ, ನಮ್ಮ ತೋಟದ ಮಣ್ಣಿನದ್ದೇ. ಪ್ಲೇಟಿನಲ್ಲಿ ಅದು ಫೈಟೊಫ್ತೊರಾವನ್ನು ಮುಚ್ಚಿ ನುಂಗಿ ಹಾಕುತ್ತಿತ್ತು, ನೋಡೋಕೆ ಚೆಂದ. 2022ರ ಮಳೆಗಾಲದಲ್ಲಿ ನಮ್ಮ ತೋಟದ ಕೆಲವು ಮರಕ್ಕೆ ಅದನ್ನು, ಕೆಲವಕ್ಕೆ ಬೋರ್ಡೋ ಹೊಡೆಸಿದೆವು, ಕೆಲವನ್ನು ಹಾಗೇ ಬಿಟ್ಟೆವು. ಕೊನೆಗಾರ ಹತ್ತಿ ಇಳಿದಷ್ಟು ಹೊತ್ತಿಗೆ ಮತ್ತೆ ಮಳೆ. ಕೊನೆಗೆ ಲೆಕ್ಕ ಹಾಕಿದರೆ ನನ್ನ ಟ್ರೈಕೋಡರ್ಮ ಹೊಡೆದ ಮರಕ್ಕೂ ಏನೂ ಹೊಡೆಯದ ಮರಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಬೋರ್ಡೋ ಗೆದ್ದಿತ್ತು, ನೂರು ವರ್ಷ ಹಳೆಯ ಔಷಧಿ. ಆ ಅಧ್ಯಾಯ ಬಿಟ್ಟುಬಿಡೋಣ ಮೇಡಂ, ಪ್ಲೇಟಿನ ಫಲಿತಾಂಶ ಸಾಕು ಅಂದೆ. ಅವರು ಪೆನ್ಸಿಲ್ ಕೆಳಗಿಟ್ಟರು. "ನೋಡಿದ್ದು ಬರಿ. ನೋಡಬೇಕು ಅಂದ್ಕೊಂಡಿದ್ದನ್ನು ಬರೆಯೋ ಹಾಗಿದ್ದರೆ ಅಷ್ಟು ಮಳೆಯಲ್ಲಿ ಯಾಕೆ ನೆನೆದೆ?" ಎರಡು ದಿನ ಮಾತು ಬಿಟ್ಟೆ. ಆಮೇಲೆ ಬರೆದೆ.

2023 ಮೇ 31. ಬೀಳ್ಕೊಡುಗೆ ಅಂತ ಹಾರ, ಮೈಸೂರು ಪೇಟ, ಭಾಷಣ ಎಲ್ಲ ಆಯಿತು. ಮೇಡಂ ಸಂಜೆ ಲ್ಯಾಬಿಗೆ ಬಂದು ಕಪಾಟಿನ ಬೀಗದ ಕೈ ನನಗೆ ಕೊಟ್ಟು, ಬಿಸ್ಕತ್ ಡಬ್ಬಿ ತೋರಿಸಿ, ಆರು ತಿಂಗಳಿಗೊಮ್ಮೆ ಬದಲಾಯಿಸು ಅಂದು ಹೋದರು. ನನ್ನ ಬರವಣಿಗೆ ಅರ್ಧ ಬಾಕಿ ಇತ್ತು.

ಮಾರನೇ ದಿನದಿಂದ ನಾನು ಗೈಡ್ ಇಲ್ಲದವಳು. ಗೈಡ್ ಬದಲಾವಣೆಗೆ ಅರ್ಜಿ ಕೊಟ್ಟೆ. ಬೇಕಾದದ್ದು ಇಷ್ಟು: ಹಳೆಯ ಗೈಡ್ ಒಪ್ಪಿಗೆ ಪತ್ರ, ಹೊಸ ಗೈಡ್ ಒಪ್ಪಿಗೆ ಪತ್ರ, ಅವರ ಬಳಿ ಸೀಟು ಖಾಲಿ ಇದೆ ಅಂತ ವಿಭಾಗದ ಪತ್ರ, ಇಲ್ಲಿಯವರೆಗಿನ ಎಲ್ಲಾ ಪ್ರಗತಿ ವರದಿ, ಶುಲ್ಕದ ಎಲ್ಲಾ ಚಲನ್. ಹೊಸ ಗೈಡ್ ಪಾಪ ಒಳ್ಳೆಯವರು, ತಕ್ಷಣ ಸಹಿ ಹಾಕಿದರು. ಫೈಲು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗಲು ಎಂಟು ತಿಂಗಳು. ಒಂದ್ಸಲ ಸಂಬಂಧಪಟ್ಟವರು ರಜೆ, ಒಂದ್ಸಲ ಸಭೆ ಮುಂದಕ್ಕೆ. ಒಂದ್ಸಲ ಫೈಲೇ ಕಾಣಲ್ಲ ಅಂದರು, ಆಮೇಲೆ ಅದು ಅದೇ ಟೇಬಲ್ಲಿನ ಕೆಳಗಿನ ಡ್ರಾಯರಿನಲ್ಲಿ ಸಿಕ್ಕಿತು. ಈ ನಡುವೆ ಆರು ತಿಂಗಳ ಪ್ರಗತಿ ವರದಿ ಕೊಡುವ ದಿನ ಬಂತು. ಸಹಿ ಯಾರು ಹಾಕಬೇಕು? ಹಳೆಯವರು ನಿವೃತ್ತರು, ಹೊಸಬರಿಗೆ ಆದೇಶ ಬಂದಿಲ್ಲ. ಮೇಡಂ ಹಾಕಿಕೊಟ್ಟರು. ಅದು ನಡೆಯಲ್ಲ ಅಂತ ವಾಪಸ್ ಬಂತು. ನನಗೆ 2024ರ ಡಿಸೆಂಬರ್ ಒಳಗೆ, ಅಂದರೆ 6 ವರ್ಷದ ಗಡುವಿನೊಳಗೆ ಥೀಸಿಸ್ ಕೊಡಲೇಬೇಕು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಬಂದರೂ ಇನ್‌ವರ್ಡ್ ನಂಬರ್ ಕನಸು.

ಇನ್‌ವರ್ಡ್ ನಂಬರ್ ಅಂದೆನಲ್ಲ, ಅದು ಮುಖ್ಯ. ಯಾವ ಕಾಗದ ಕೊಟ್ಟರೂ ಟಪಾಲಿನಲ್ಲಿ ಕೊಟ್ಟು, ನಿಮ್ಮ ಜೆರಾಕ್ಸ್ ಪ್ರತಿಯ ಮೇಲೆ ಸೀಲು, ತಾರೀಖು, ನಂಬರು ಹಾಕಿಸಿಕೊಳ್ಳಿ. "ಕೊಟ್ಟಿದ್ದೀನಲ್ಲ ಸಾರ್" ಅನ್ನೋದಕ್ಕೂ "ಈ ನಂಬರಿನಲ್ಲಿ ಈ ತಾರೀಖು ಕೊಟ್ಟಿದ್ದೀನಿ" ಅನ್ನೋದಕ್ಕೂ ತುಂಬಾ ವ್ಯತ್ಯಾಸ. ನನಗೆ ಇದು ಐದನೇ ವರ್ಷ ಗೊತ್ತಾಯಿತು. ಕ್ಯಾಂಟೀನಿನಲ್ಲಿ ಸಿಕ್ಕಿದ ಹಿಸ್ಟರಿ ವಿಭಾಗದ ಒಬ್ಬರು ಹೇಳಿಕೊಟ್ಟರು, ಅವರದ್ದು ಒಂಬತ್ತನೇ ವರ್ಷ.

2024ರ ಜನವರಿಯಲ್ಲಿ ಆದೇಶ ಬಂತು. ಹಳೆಯ ವರದಿಗೆ ಹೊಸ ಗೈಡ್ ಮತ್ತೆ ಸಹಿ ಹಾಕಿದರು, ಮಾರ್ಚ್‌ನಲ್ಲಿ ಕೊಲೊಕ್ವಿಯಂ (ಥೀಸಿಸ್ ಕೊಡುವ ಮುಂಚಿನ ಮಂಡನೆ) ಮುಗಿಯಿತು. ಇನ್ನೇನು ಅಂದುಕೊಂಡರೆ ಹೊಸದೊಂದು. ರಿಜಿಸ್ಟ್ರೇಷನ್ ಪತ್ರದಲ್ಲಿ ನನ್ನ ಥೀಸಿಸ್ ಹೆಸರು ಟೈಪ್ ಮಾಡುವಾಗ ಫೈಟೊಫ್ತೊರಾದ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು 'ಎಚ್' ಬಿಟ್ಟಿದ್ದರು. ಐದು ವರ್ಷ ನಾನೂ ನೋಡಿಲ್ಲ, ಮೇಡಂ ಕೂಡ ನೋಡಿಲ್ಲ. ಥೀಸಿಸ್ ಹೆಸರು ಪತ್ರದಲ್ಲಿ ಇದ್ದ ಹಾಗೇ ಇರಬೇಕಂತೆ. ಅಂದರೆ ತಪ್ಪು ಹೆಸರಿನಲ್ಲಿ ಡಿಗ್ರಿ ತಗೋ, ಇಲ್ಲ ಶೀರ್ಷಿಕೆ ತಿದ್ದುಪಡಿಗೆ ಅರ್ಜಿ ಕೊಡು. ಕೊಟ್ಟೆ. ಒಂದು 'ಎಚ್'ಗೆ ಎರಡೂವರೆ ತಿಂಗಳು. ಪತ್ರ ಬಂದ ದಿನವೇ ಅಕ್ಷರ ಅಕ್ಷರ ಓದಿ, ನಿಮ್ಮ ಹೆಸರು, ಅಪ್ಪನ ಹೆಸರು, ಇನಿಷಿಯಲ್ ಎಲ್ಲ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಥರವೇ ಇದೆಯಾ ನೋಡಿ.

ಪ್ಲೇಜಿಯರಿಸಂ (ಬೇರೆಯವರ ಬರಹದ ನಕಲು) ಪರೀಕ್ಷೆಯಲ್ಲಿ 18 ಶೇಕಡಾ ಬಂತು, 10ರ ಒಳಗಿರಬೇಕು. ಗಾಬರಿಯಾಗಿ ನೋಡಿದರೆ ಅರ್ಧಕ್ಕರ್ಧ ನನ್ನದೇ ಪೇಪರಿನ ಸಾಲುಗಳು. ಅದು ನನ್ನದೇ ಪ್ರಕಟಣೆ ಅಂತ ಗೈಡ್ ಪತ್ರ ಕೊಟ್ಟಮೇಲೆ ಅದನ್ನು ಬಿಟ್ಟು ಲೆಕ್ಕ ಹಾಕಿದರು. ಉಳಿದದ್ದು ವಿಧಾನದ ಅಧ್ಯಾಯ, ಅಲ್ಲಿ ಎಲ್ಲರೂ ಒಂದೇ ವಾಕ್ಯ ಬರೆಯುತ್ತಾರೆ. ಕೂತು ನನ್ನ ಮಾತಿನಲ್ಲಿ ತಿದ್ದಿದೆ, ಎರಡನೇ ಸಲ 7 ಬಂತು. ಪ್ರಿಂಟು, ಬೈಂಡಿಂಗ್ ಸೇರಿ 7,200 ರೂಪಾಯಿ. ನೋ ಡ್ಯೂಸ್‌ಗೆ, ಅಂದರೆ ಏನೂ ಬಾಕಿ ಇಲ್ಲ ಅನ್ನುವ ಪತ್ರಕ್ಕೆ ಲೈಬ್ರರಿಗೆ ಹೋದರೆ 2019ರಲ್ಲಿ ತೆಗೆದ ಒಂದು ಪುಸ್ತಕ ಬಾಕಿ ಅಂದರು. ಅದು ಊರಿನಲ್ಲಿ, ಕುಕ್ಕರ್ ಇಟ್ಟ ಅದೇ ಕೋಣೆಯ ಅಟ್ಟದ ಮೇಲೆ ಸಿಕ್ಕಿತು, ಒಂದು ಮೂಲೆ ಇಲಿ ತಿಂದಿತ್ತು. ಆಗಸ್ಟ್‌ನಲ್ಲಿ ಥೀಸಿಸ್ ಕೊಟ್ಟೆ.

ಆಮೇಲಿನ ಕಾಯುವಿಕೆ ಬೇರೆ ಥರ. ಮಾಡಲು ಏನೂ ಇಲ್ಲ. ಒಬ್ಬ ಪರೀಕ್ಷಕರ ವರದಿ ನವೆಂಬರ್‌ನಲ್ಲಿ ಬಂತು, ಇನ್ನೊಬ್ಬರದು 2025ರ ಏಪ್ರಿಲ್‌ನಲ್ಲಿ. ಯಾರು ಅಂತ ನಮಗೆ ಹೇಳಲ್ಲ, ಕೇಳಲೂಬಾರದು. ಗೈಡ್ ಮೂಲಕ ರಿಮೈಂಡರ್ ಹಾಕಿಸುವುದೊಂದೇ ದಾರಿ, ಎರಡು ತಿಂಗಳಾದರೂ ಬಾರದಿದ್ದರೆ ಹಾಕಿಸಿ. ಆ ಎಂಟು ತಿಂಗಳು ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅಲ್ಲಿ ಲ್ಯಾಮಿನಾರ್ ಇತ್ತು. ಮೇಲೆ ಹಳೆಯ ಉತ್ತರಪತ್ರಿಕೆಗಳ ಗಂಟು ಇಟ್ಟಿದ್ದರು, ಪ್ಲಗ್ಗೇ ಇರಲಿಲ್ಲ. ಮೊದಲ ಪ್ರಾಕ್ಟಿಕಲ್‌ಗೆ ಎರಡು ಸ್ಪಿರಿಟ್ ದೀಪ ಇಟ್ಟು ಫ್ಯಾನ್ ಬಂದ್ ಮಾಡಿದೆ. ಹುಡುಗರು ಬೈಕೊಂಡಿರಬೇಕು.

ವೈವಾ, ಅಂದರೆ ಮೌಖಿಕ ಪರೀಕ್ಷೆ, ಜೂನ್‌ನಲ್ಲಿ, ಜೋರು ಮಳೆಯ ದಿನ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರು. ಮೇಡಂ ಹಿಂದಿನ ಸಾಲಿನಲ್ಲಿ ಕೂತರು, ಮುಂದೆ ಕರೆದರೂ ಬರಲಿಲ್ಲ. ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ನಾನು ಬಿಡಬೇಕು ಅಂದಿದ್ದ ಅಧ್ಯಾಯದ ಬಗ್ಗೆಯೇ. ಪ್ಲೇಟಿನಲ್ಲಿ ಗೆದ್ದದ್ದು ಮರದ ಮೇಲೆ ಯಾಕೆ ಸೋತಿತು, ಮಳೆಗೆ ತೊಳೆದು ಹೋಯಿತಾ, ತಣ್ಣಗಿನ ಕಾಯಿಯ ಮೇಲೆ ಬೆಳೆಯಲೇ ಇಲ್ಲವಾ. ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ. ಹಿಂದೆ ತಿರುಗಿ ನೋಡುವ ಧೈರ್ಯ ಆಗಲಿಲ್ಲ.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ಅಪ್ಪ ಅಂದರು, "ಬೋರ್ಡೋ ವಿಷಯ ಸರಿ ಹೇಳಿದೆ. ಆದರೆ ಸುಣ್ಣ ಈಗ ಮುಂಚಿನ ಥರ ಸಿಗಲ್ಲ ಮಾರಾಯ್ತಿ, ಅದನ್ನೂ ಬರೀಬೇಕಿತ್ತು." ನಿಜ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಪುಸ್ತಕದಲ್ಲಿದೆ. ಅಪ್ಪ ಯಾವತ್ತೂ ಚಾಕು ಅದ್ದಿ ನೋಡಿಯೇ ಹೊಡೆಸುವುದು. ಚಾಕುವಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ.

ನೋಟಿಫಿಕೇಷನ್ ಬಂದ ದಿನ ಮೇಡಂಗೆ ಫೋನ್ ಮಾಡಿದೆ. ಗದ್ದೆಯ ಕಡೆ ಇದ್ದರು, ಗಾಳಿಯ ಸದ್ದು. ಒಳ್ಳೇದಾಯ್ತು ಅಂದು, ಉಸಿರು ಬಿಡದೆ, "ಆ ಏಳನೇ ಐಸೊಲೇಟು ಬದುಕಿದೆಯಾ?" ಅಂದರು. ಇದೆ ಮೇಡಂ, ಶುಕ್ರವಾರ ತಾನೇ ನೀರು ಬದಲಾಯಿಸಿದೆ ಅಂದೆ. ಘಟಿಕೋತ್ಸವದ ಅರ್ಜಿಗೆ ಬೇರೆ ಚಲನ್ ಕಟ್ಟಬೇಕು, ಅದಕ್ಕೆ ನೋಟಿಫಿಕೇಷನ್ನಿನ ಜೆರಾಕ್ಸ್ ಎರಡು, ಫೋಟೊ ಮೂರು. ನಾಳೆ ಶಿವಮೊಗ್ಗಕ್ಕೆ ಹೋಗಬೇಕು.